ಸಾತವ್ವ ‘ಹೋಗು’ ಅಂದದ್ದು

ನಮ್ಮ ಕಡೆ ಯಾರಿಗೂ ‘ಹೋಗು’ ಅನ್ನುವುದಿಲ್ಲ. ಮನೆಗೆ ಬಂದವರು ಹೊರಡಲು ಎದ್ದು ನಿಂತು ‘ಬರ್ತೇವ್ರಿ’ ಅನ್ನುತ್ತಾರೆ. ಮನೆಯವರು ಬಾಗಿಲ ತನಕ ಬಂದು ‘ಹೂಂ, ಬರ್ರಿ’ ಅನ್ನುತ್ತಾರೆ. ಇಬ್ಬರೂ ಬರುವ ಮಾತಾಡುತ್ತಿರುವಾಗಲೇ ಒಬ್ಬರು ಹೋಗಿರುತ್ತಾರೆ. ಹೊರಗಿನವರಿಗೆ ಇದು ತಮಾಷೆ, ನಮಗಲ್ಲ. ಒಡೆದ ಬಳೆಗೆ ‘ಹೆಚ್ಚಾದವು’ ಎಂದು, ಆರಿಸಬೇಕಾದ ದೀಪಕ್ಕೆ ‘ದೊಡ್ಡದು ಮಾಡು’ ಎಂದು ಹೇಳುವ ಮಂದಿ ನಾವು. ಬಾಯಿಂದ ಬಿದ್ದ ಕೆಟ್ಟ ಮಾತು ನೆಲಕ್ಕೆ ಬೀಳುವುದಿಲ್ಲ, ಯಾರದಾದರೂ ತಲೆಯ ಮೇಲೆ ಬೀಳುತ್ತದೆ ಎಂದು ನಂಬಿದವರು.

ಇಂಥ ಮಂದಿಯಲ್ಲೂ ಒಂದು ಕೈ ಮೇಲು ಒಡ್ಡಿನ ಸಾತವ್ವ. ತಾಳಿಕೋಟೆಯಿಂದ ಡೋಣಿ ನದಿ ದಾಟಿ ಎಂಟು ಕಿಲೋಮೀಟರು ಬಂದರೆ ಆಕೆಯ ಊರು. ಕುರಿ ಸಾಕುವ ಮನೆತನ, ವಯಸ್ಸು ಅರವತ್ತೆರಡು. ಅಂಗಳಕ್ಕೆ ಬಂದ ನಾಯಿಗೂ ಆಕೆ ‘ಆ ಕಡೆ ಬಾ’ ಅನ್ನುವವಳು. ಗಂಡ ಸೋಮನಿಂಗನನ್ನು ನಲವತ್ತೈದು ವರ್ಷದ ಸಂಸಾರದಲ್ಲಿ ಬೈಯದ ಬೈಗುಳ ಉಳಿದಿಲ್ಲ, ಆದರೆ ಆ ಒಂದು ಶಬ್ದ ಮಾತ್ರ ಬಂದಿಲ್ಲ. ‘ಇಕಿಗೆ ಸಿಟ್ಟ ಬಂದ್ರ ಕುಡಗೋಲ ಎತ್ತತಾಳ್ರಿ, ಹೋಗು ಅಂತ ಮಾತ್ರ ಅನ್ನಂಗಿಲ್ಲ’ ಎಂದು ಸೋಮನಿಂಗ ನಾಲ್ಕು ಮಂದಿಯ ಮುಂದೆ ನಗುತ್ತಾನೆ.

ನಕ್ಕರೂ ಕಾರಣ ಅವನಿಗೆ ಗೊತ್ತು. ಸಾತವ್ವ ಒಂಬತ್ತು ವರ್ಷದವಳಿದ್ದಾಗ, ಒಂದು ಮುಂಜಾನೆ, ಒಂದು ಟಗರಿನ ಸಲುವಾಗಿ ಅವಳ ಅವ್ವ ಅಪ್ಪನ ನಡುವೆ ಜಗಳವಾಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, ‘ಹೋಗು, ಎಲ್ಲಿಗರ ಹೋಗು, ಮಾರಿ ತೋರಸಬ್ಯಾಡ’ ಅಂದಳು. ಅಪ್ಪ ಕುರಿ ಹೊಡೆದುಕೊಂಡು ಹೋದ. ಅಂದೇ ಸಂಜೆ ಡೋಣಿಗೆ ಹಠಾತ್ತನೆ ನೀರು ಬಂತು. ಕುರಿಗಳೆಲ್ಲ ಈಜಿ ಈ ದಂಡೆಗೆ ಬಂದವು, ಅಪ್ಪ ಬರಲಿಲ್ಲ. ಅವ್ವ ಆಮೇಲೆ ಮೂವತ್ತು ವರ್ಷ ಬದುಕಿದಳು, ಆದರೆ ಆ ಮೂವತ್ತು ವರ್ಷದಲ್ಲಿ ಒಂದು ಸಲವೂ ಗಂಟಲು ಬಿಟ್ಟು ಮಾತಾಡಲಿಲ್ಲ. ಆ ಶಬ್ದವನ್ನು ಸಾತವ್ವ ಬಾಯಿಗೇ ತಂದುಕೊಳ್ಳದ್ದು ಅಂದಿನಿಂದ.

ಆದರೆ ಊರವರು ಆಕೆಯನ್ನು ಗುರುತಿಸುವುದು ಒಡ್ಡಿನಿಂದ. ಅಣ್ಣತಮ್ಮಂದಿರ ಪಾಲಿನಲ್ಲಿ ಸೋಮನಿಂಗನಿಗೆ ಬಂದದ್ದು ಹಳ್ಳದ ದಂಡೆಯ ನಾಲ್ಕು ಎಕರೆ ಇಳಿಜಾರು, ಅದರ ನಡುವೆ ಆಳೆತ್ತರದ ಕೊರಕಲು. ಮಳೆ ಬಂದರೆ ಮೇಲಿನ ಹೊಲಗಳ ನೀರೆಲ್ಲ ಅದರಲ್ಲಿ ನುಗ್ಗಿ ಕರಿ ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತಿತ್ತು, ಹಳ್ಳ ಅದನ್ನು ಡೋಣಿಗೆ ಒಪ್ಪಿಸುತ್ತಿತ್ತು. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಅನ್ನುವ ಸೀಮೆಯಲ್ಲಿ ಈ ನಾಲ್ಕು ಎಕರೆಯಲ್ಲಿ ಬೆಳೆಯುತ್ತಿದ್ದದ್ದು ಬರೀ ಕಲ್ಲು. ‘ಕುರಿ ಕಾಯೋರಿಗೆ ಇನ್ನೆಂಥಾ ಹೊಲ ಬೇಕು, ಮೇಯಾಕ ಆತು ಬಿಡು’ ಎಂದು ಪಾಲು ಹಂಚಿದ ದೊಡ್ಡವರು ಸಮಾಧಾನ ಹೇಳಿದರು. ಸಮಾಧಾನ ಹೇಳುವವರ ಪಾಲಿಗೆ ಯಾವಾಗಲೂ ಸಪಾಟು ಹೊಲವೇ ಬಂದಿರುತ್ತದೆ.

ಸೋಮನಿಂಗ ವರ್ಷದ ಎಂಟು ತಿಂಗಳು ಕುರಿ ಹಿಂದೆ. ಹಾಗಾಗಿ ಒಡ್ಡು ಹಾಕುವ ಕೆಲಸ ಸಾತವ್ವನ ತಲೆಗೆ ಬಂತು. ಮಳೆ ಜೋರಾದಾಗ ಎಲ್ಲರೂ ಮನೆ ಸೇರಿದರೆ ಇವಳು ಗೋಣಿಚೀಲದ ಕೊಪ್ಪೆ ಹೊದ್ದು ಹೊಲದಲ್ಲಿ ಹೋಗಿ ನಿಲ್ಲುತ್ತಿದ್ದಳು. ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಂತು ವಿಚಾರ ಮಾಡುತ್ತದೆ, ಎಲ್ಲಿ ಸಿಟ್ಟಿಗೇಳುತ್ತದೆ ಎಂದು ನೋಡಿ ಅಲ್ಲಲ್ಲಿ ತೊಗರಿ ಕಟ್ಟಿಗೆ ಊರಿ ಬರುತ್ತಿದ್ದಳು. ಬೇಸಗೆ ಬಂತೆಂದರೆ ಮಗ ಕಾಂತು ಬೆನ್ನಿಗೆ, ಮಣ್ಣಿನ ಬುಟ್ಟಿ ತಲೆಗೆ. ಮೊದಲ ವರ್ಷದ ಒಡ್ಡನ್ನು ಉತ್ತರಿ ಮಳೆ ಒಯ್ದಿತು. ಎರಡನೆಯ ವರ್ಷದ್ದನ್ನೂ ಒಯ್ದಿತು. ಮೂರನೆಯ ವರ್ಷ ಆಕೆಗೆ ಹೊಳೆಯಿತು. ನೀರಿಗೆ ಅಡ್ಡ ನಿಂತು ಗೆದ್ದವರಿಲ್ಲ, ದಾರಿ ಕೊಟ್ಟು ಕಳಿಸಬೇಕು. ಒಡ್ಡಿನ ಒಂದು ತುದಿಗೆ, ನೆಲ ಗಟ್ಟಿ ಇರುವಲ್ಲಿ, ಕಲ್ಲು ಜೋಡಿಸಿ ಕೋಡಿ ಮಾಡಿದಳು. ಹೊಲ ಕುಡಿಯುವಷ್ಟು ಕುಡಿದ ಮೇಲೆ ಹೆಚ್ಚಾದ ನೀರು ಆ ಕಲ್ಲುಗಳ ಮೇಲಿಂದ ಮೆಲ್ಲಗೆ ಇಳಿದು ಹಳ್ಳ ಸೇರಲು ಶುರುವಾಯಿತು. ನೀರಿಗೂ ಮರ್ಯಾದೆಯಿಂದ ‘ಬಾ’ ಅಂದು ಕಳಿಸುವ ಉಪಾಯ ಅದು.

ಹೀಗೆ ಹದಿನಾಲ್ಕು ಬೇಸಗೆ. ಒಡ್ಡಿನ ಹಿಂದೆ ವರ್ಷಕ್ಕೆ ಅರ್ಧ ಗೇಣಿನಷ್ಟು ಮಣ್ಣು ಕೂತು ಕೂತು ಕೊರಕಲು ಮುಚ್ಚಿತು. ಈಗ ಅಲ್ಲಿ ಬೆಳೆಯುವ ಬಿಳಿಜೋಳದಲ್ಲಿ ಸೋಮನಿಂಗ ನಿಂತರೆ ಮುಂಡಾಸು ಕಾಣುವುದಿಲ್ಲ. ಮುಳವಾಡದ ಕಡೆಯಿಂದ, ನಾಲತವಾಡದ ಕಡೆಯಿಂದಲೂ ರೈತರು ಬಂದು ‘ನಮ್ಮ ಹೊಲದಾಗ ಕೋಡಿ ಎಲ್ಲಿ ಇಡೂಣ, ನೋಡ ಬಾರವ್ವಾ’ ಎಂದು ಕರೆದುಕೊಂಡು ಹೋಗಿದ್ದಾರೆ. ಓದಿದವರಿಗೆ ತಿಳಿಯದ್ದು ಇವಳಿಗೆ ಹೇಗೆ ತಿಳಿಯಿತೆಂದು ಯಾರೋ ಕೇಳಿದರೆ, ‘ತೊಯ್ಸಿಕೊಂಡವರಿಗೆ ತಿಳೀತೈತಿ’ ಅಂದಿದ್ದಳು. ಅವಳ ಆಸ್ತಿ, ಹೆಸರು, ಆಯುಷ್ಯ ಎಲ್ಲವೂ ಆ ಮಣ್ಣಿನ ದಿಬ್ಬದಲ್ಲಿತ್ತು ಎಂದರೆ ಹೆಚ್ಚು ಹೇಳಿದಂತಲ್ಲ.

ಈ ವರ್ಷ ಶ್ರಾವಣದ ಒಂದು ರವಿವಾರ. ಸೋಮನಿಂಗನೂ ಕಾಂತುವೂ ಕುರಿ ಹಿಂಡಿನ ಜೊತೆ ಇಂಡಿಯ ಕಡೆಗಿದ್ದರು. ಕುಂಟೆ ಹೊಡೆದು ಬಿತ್ತನೆಗೆ ಅಣಿಮಾಡಿದ್ದ ಹೊಲದಲ್ಲಿ ಸಾತವ್ವ ಮತ್ತು ಸೊಸೆ ರಾಜಶ್ರೀ ಕರಿಕೆ ಹುಲ್ಲು ಆರಿಸುತ್ತಿದ್ದರು. ಬಂಡಿದಾರಿಯಿಂದ ಮೂರು ಜೀಪು ಇಳಿದು ನೇರ ಹೊಲದೊಳಗೆ ಬಂದವು. ಮೊಳದಗಲದ ಗಾಲಿ, ಮೈತುಂಬ ಬಣ್ಣ, ದನ ಬೆದರುವಂಥ ಸದ್ದು. ಒಂದು ಜೀಪು ಒಡ್ಡು ಹತ್ತಿ ಆ ಕಡೆ ಜಿಗಿಯಿತು. ಇನ್ನೊಂದು ಎರಿ ಮಣ್ಣಿನ ಕರಿ ಕೆಸರಿನಲ್ಲಿ ಹೊಟ್ಟೆಮಟ ಹೂತು ನಿಂತಿತು.

ಹೂತ ಜೀಪಿನಿಂದ ಇಳಿದವನು ಅನೀಲಕುಮಾರ. ತಾಳಿಕೋಟೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವನು, ಮಾತಿನಲ್ಲಿ ಬೆಣ್ಣೆ. ಹೊಲದಲ್ಲಿ, ಹಳ್ಳದಲ್ಲಿ, ದಾರಿ ಇಲ್ಲದ ಕಡೆಯಲ್ಲೆಲ್ಲ ಜೀಪು ಓಡಿಸುವ ಒಂದು ಬಳಗ ಕಟ್ಟಿಕೊಂಡಿದ್ದ. ದಾರಿ ಇದ್ದಲ್ಲಿ ಎಲ್ಲರೂ ಹೋಗುತ್ತಾರೆ, ಇಲ್ಲದಲ್ಲಿ ಹೋಗುವುದೇ ಆಟ ಎಂಬುದು ಅವರ ಲೆಕ್ಕ. ದಾರಿ ಇಲ್ಲದ ಆ ಜಾಗ ಯಾರದೋ ಹೊಲವಾಗಿರುತ್ತದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಸಾತವ್ವ ಏನು ಮಾಡಿದಳು? ಬಂದವರು ಬಂದವರೇ. ಗಾಲಿಯ ಕೆಳಗೆ ತೊಗರಿ ಕಟ್ಟಿಗೆ ಹಾಸಿ ಜೀಪು ಎತ್ತಿಸಿದಳು, ಕೊಡದಲ್ಲಿದ್ದ ನೀರು ಕೊಟ್ಟಳು, ತಾವು ತಂದಿದ್ದ ರೊಟ್ಟಿ ಪುಂಡಿಪಲ್ಯ ಹಂಚಿದಳು. ಹೊರಡುವಾಗ ಅನೀಲಕುಮಾರ ಫೋನನ್ನು ಅವಳ ಮುಖಕ್ಕೆ ಹಿಡಿದು, ‘ಬರ್ತೇವ್ರಿ ಯವ್ವಾ’ ಅಂದ.

‘ಹೂನಪಾ, ಬರ್ರಿ. ಹಿಂಗ ಬರ್ಕೋತ ಇರ್ರಿ’ ಅಂದಳು ಸಾತವ್ವ.

ಅವರು ಹೋದ ಮೇಲೆ ನೋಡಿದರೆ ಒಡ್ಡಿನ ನೆತ್ತಿ ಒಂದು ಗೇಣು ಕುಸಿದಿತ್ತು. ಅತ್ತೆ ಸೊಸೆ ಮೂರು ದಿನ ಮಣ್ಣು ಹೊತ್ತು ಸರಿಮಾಡಿದರು. ಮುಂದಿನ ರವಿವಾರ ಐದು ಜೀಪು ಬಂದವು.

‘ಒಡ್ಡ ಮ್ಯಾಲ ಏರಸಬ್ಯಾಡ್ರಪಾ, ಕೈ ಮುಗೀತೇನಿ’ ಎಂದು ಸಾತವ್ವ ಬೇಡಿಕೊಂಡಳು. ಅನೀಲಕುಮಾರ ‘ಇಲ್ಲ ಬಿಡ ಯವ್ವಾ’ ಅಂದ. ಇಲ್ಲ ಅನ್ನುತ್ತಲೇ ಏರಿಸಿದರು. ಸಂಜೆ ಅವರು ‘ಬರ್ತೇವ್ರಿ’ ಅಂದಾಗ ಸಿಟ್ಟಿನಲ್ಲಿದ್ದ ಸಾತವ್ವನ ಬಾಯಿಂದ ತನ್ನಷ್ಟಕ್ಕೆ ತಾನೇ ಬಂತು: ‘ಹೂಂ, ಬರ್ರಿ.’

ರಾಜಶ್ರೀ ಸಲಿಕೆ ಬಿಸಾಕಿದಳು. ‘ಅತ್ತಿ! ಮತ್ತ ಬರ್ರಿ ಅಂದ್ರಲ್ಲ!’

‘ಮತ್ತೇನ ಅನ್ನಲಿ?’

‘ಹೋಗ್ರಿ ಅನ್ರಿ.’

ಸಾತವ್ವ ಸೊಸೆಯ ಮುಖವನ್ನೇ ನೋಡಿದಳು. ‘ಮುಸ್ಸಂಜ್ಯಾಗ ಎಂಥಾ ಮಾತ ಆಡ್ತೀ’ ಎಂದು ನೆಟಿಕೆ ಮುರಿದಳು.

ಪಿಯುಸಿ ಓದಿದ ರಾಜಶ್ರೀಗೆ ಇಂಥದಕ್ಕೆಲ್ಲ ತಾಳ್ಮೆ ಕಡಿಮೆ. ಅತ್ತೆಯ ಮೇಲೆ ಜೀವ ಇಟ್ಟವಳೇ, ಆದರೆ ಅತ್ತೆಯ ಬಾಯಿಗೆ ಬೀಗ ಹಾಕಬೇಕೆಂದು ಆ ಶ್ರಾವಣದಲ್ಲಿ ಹತ್ತು ಸಲ ಅಂದುಕೊಂಡಳು. ಭಾದ್ರಪದ ಹುಟ್ಟುವ ಹೊತ್ತಿಗೆ ಅವಳ ಫೋನಿಗೆ ಒಂದು ವಿಡಿಯೊ ಬಂತು. ಜೀಪುಗಳು ಒಡ್ಡು ಜಿಗಿಯುತ್ತವೆ, ಡೊಳ್ಳಿನ ಸದ್ದು, ನಡುನಡುವೆ ಸಾತವ್ವನ ಮುಖ. ‘ಬರ್ರಿ. ಹಿಂಗ ಬರ್ಕೋತ ಇರ್ರಿ.’ ಮತ್ತೆ ಜೀಪು. ಮತ್ತೆ ‘ಬರ್ರಿ.’ ಕೆಳಗೆ ಬರೆದಿತ್ತು: ‘ಎರಿ ಸವಾರಿ. ಬರುವ ರವಿವಾರ. ಹೊಲದ ಅವ್ವನೇ ಕರೆದಾಳ, ಎಲ್ಲಾರೂ ಬರ್ರಿ.’

ಸಾತವ್ವ ಎರಡು ಸಲ ನೋಡಿದಳು. ತನ್ನದೇ ಮುಖ, ತನ್ನದೇ ಧ್ವನಿ, ಆದರೆ ಆ ಮಾತು ತನ್ನದಲ್ಲ. ‘ಕಳಿಸೋ ಮಾತನ್ನ ಕರಿಯೋ ಮಾತ ಮಾಡ್ಯಾರಲ್ಲ’ ಅಂದಳು. ಹೊರಗಿನವರಾಗಿದ್ದರೆ ತಿಳಿಯದೆ ಮಾಡಿದರು ಅನ್ನಬಹುದಿತ್ತು. ಅನೀಲಕುಮಾರ ತಾಳಿಕೋಟೆಯವನು, ಇದೇ ಮಾತು ಕೇಳಿ ಬೆಳೆದವನು. ಅವನಿಗೆ ಗೊತ್ತಿತ್ತು ಎಂಬುದೇ ಆಕೆಯ ಎದೆಗೆ ಚುಚ್ಚಿತು.

ಮರುದಿನ ಇಬ್ಬರೂ ಬಸ್ಸು ಹತ್ತಿ ತಾಳಿಕೋಟೆಗೆ, ಅವನ ಮನೆಗೇ ಹೋದರು. ಅವನ ತಾಯಿ ರುಕ್ಮವ್ವ ಚಾಪೆ ಹಾಸಿ ಚಹಾ ಕೊಟ್ಟಳು. ಅನೀಲಕುಮಾರ ನಗುನಗುತ್ತ, ‘ಯವ್ವಾ, ಪುಣೆಯಿಂದ, ಹುಬ್ಬಳ್ಳಿಯಿಂದ ಮಂದಿ ಹೊಂಟಾರ. ನಿನ್ನ ಹೆಸರ ಎಲ್ಲಾ ಕಡೆ ಆಗೈತಿ. ಒಂದ ದಿವಸದ ಮಾತು. ನೀನ ಬರ್ರಿ ಅಂದೀಯಲ್ಲ?’ ಅಂದ.

‘ತಮ್ಮಾ, ಹೊರಟವರಿಗೆ ಬರ್ರಿ ಅಂದ್ರ ಏನ ಅರ್ಥ, ನಿನಗ ಗೊತ್ತಿಲ್ಲೇನು?’

ಅವನು ತನ್ನ ನಂಬರಿದ್ದ ಅಂಗಡಿಯ ಚೀಟಿಯೊಂದನ್ನು ರಾಜಶ್ರೀಯ ಕೈಗೆ ಕೊಟ್ಟು, ಏನಾದರೂ ಇದ್ದರೆ ಫೋನು ಮಾಡಿರೆಂದು ಎದ್ದ. ಬಾಗಿಲಲ್ಲಿ ರುಕ್ಮವ್ವ ಕುಂಕುಮ ಹಚ್ಚಿ, ‘ಬಾ ತಂಗಿ, ಹಿಂಗ ಬರ್ಕೋತ ಇರು’ ಅಂದಳು.

ರಾಜಶ್ರೀ ತಿರುಗಿ ನಿಂತಳು. ‘ಬರ್ತೇವ್ರಿ ಆಯಿ. ನಾಳೆ ಇನ್ನೂರ ಕುರಿ ಹೊಡಕೊಂಡ ಬರ್ತೇವಿ, ನಿಮ್ಮ ಅಂಗಳದಾಗ ಹಟ್ಟಿ ಹಾಕತೇವಿ. ನೀವ ಬಾ ಅಂದೀರಲ್ಲ?’

ರುಕ್ಮವ್ವನಿಗೆ ಏನೂ ತಿಳಿಯಲಿಲ್ಲ. ಅನೀಲಕುಮಾರನಿಗೆ ತಿಳಿಯಿತು, ಕಿವಿ ಕೆಂಪಾದವು. ಸಾತವ್ವ ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ‘ಆ ಹಿರೀಮನಷ್ಯಾಳು ಏನ ಮಾಡ್ಯಾಳ?’ ಎಂದು ದಾರಿಯುದ್ದಕ್ಕೂ ಬೈದಳು.

ಅಲ್ಲಿಂದ ಪೊಲೀಸ್ ಠಾಣೆಗೆ. ಜಮಾದಾರ ಒಳ್ಳೆಯವನೇ, ಪೂರ್ತಿ ಕೇಳಿದ, ವಿಡಿಯೊ ನೋಡಿದ, ಗದ್ದ ಕೆರೆದುಕೊಂಡ. ‘ಯವ್ವಾ, ನೀ ಹೇಳೂದು ನನಗ ತಿಳೀತೈತಿ. ಕಾಗದಕ್ಕ ತಿಳಿಯೂದಿಲ್ಲ. ಇದರಾಗ ನೀನ ಕರದಂಗ ಐತಿ. ಕರದ ಹೊಲಕ್ಕ ಬಂದ್ರ ಅತಿಕ್ರಮಣ ಹ್ಯಾಂಗ ಆಕ್ಕತಿ? ಹಿಂಗ ಮಾಡು. ಅವರು ಬಂದಾಗ ಎಲ್ಲಾರ ಮುಂದ ಬಾಯಿಬಿಟ್ಟು ಹೋಗ್ರಿ ಅನ್ನು. ನಿನ್ನ ಸೊಸಿ ಅದನ್ನ ಫೋನಿನ್ಯಾಗ ಹಿಡೀಲಿ. ಆ ಮ್ಯಾಲೂ ಅವರು ನಿಂತ್ರ, ನಾ ನೋಡ್ಕೋತೇನಿ.’

‘ಬರಬ್ಯಾಡ್ರಿ ಅಂದ್ರ ಸಾಲೂದಿಲ್ಲೇನ್ರಿ?’

‘ಬಂದ ನಿಂತವರಿಗೆ ಬರಬ್ಯಾಡ ಅಂದ್ರ ಏನ ಆತು? ಹೋಗ್ರಿ ಅನಬೇಕು.’

ಆ ಸಂಜೆ ಇಂಡಿಯ ಕಡೆಯಿಂದ ಸೋಮನಿಂಗ ಫೋನಿನಲ್ಲಿ ಸಿಕ್ಕ. ನಡುವೆ ಎರಡು ಹೊಳೆ ತುಂಬಿವೆ, ಹಿಂಡು ಬಿಟ್ಟು ಬರಲಾಗದು. ವಿಷಯವೆಲ್ಲ ಕೇಳಿ, ‘ನಿನ್ನ ಬಾಯಿಗೆ ಅದು ಬರೂದಿಲ್ಲ. ರಾಜಶ್ರೀ ಅನ್ನಲಿ’ ಅಂದ. ಆದರೆ ವಿಡಿಯೊದಲ್ಲಿ ‘ಬರ್ರಿ’ ಅಂದದ್ದು ರಾಜಶ್ರೀ ಅಲ್ಲವಲ್ಲ.

ರವಿವಾರ ಇಪ್ಪತ್ತೆರಡು ಜೀಪು ಬಂದವು. ಬಂಡಿದಾರಿಯ ಬಾಯಿಗೆ ಬಟ್ಟೆಯ ಕಮಾನು, ಹೊಲದ ನಡುವೆ ಬಾವುಟ, ಒಡ್ಡಿನ ಮೇಲೆ ಸುಣ್ಣದ ಗೆರೆ. ಉತ್ತರಿ ಮಳೆಯ ಮೋಡ ಡೋಣಿಯ ಮೇಲೆ ಕರ್ರಗೆ ಕೂತಿತ್ತು. ಸಾತವ್ವ ಒಡ್ಡಿನ ಮೇಲೆ ಹೋಗಿ ನಿಂತಳು. ರಾಜಶ್ರೀ ಪಕ್ಕದಲ್ಲಿ ಫೋನು ಹಿಡಿದು ನಿಂತಳು.

ಮುಂದೆ ಆದದ್ದನ್ನು ಹೇಳಲು ನನಗೇ ಸಂಕಟವಾಗುತ್ತದೆ. ಬಂದವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಅವರು ಒಬ್ಬೊಬ್ಬರಾಗಿ ಬಂದು ಸಾತವ್ವನ ಕಾಲಿಗೆ ನಮಸ್ಕಾರ ಮಾಡಿದರು. ತಮ್ಮನ್ನು ಕರೆದ ಅವ್ವ ಇವಳೇ ಎಂದು ಮಕ್ಕಳಿಗೆ ತೋರಿಸಿದರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಪುಣೆಯ ಹೆಣ್ಣುಮಗಳೊಬ್ಬಳು ಮರಾಠಿಯಲ್ಲಿ ಏನೋ ಹೇಳಿ ಕಣ್ಣೊರೆಸಿಕೊಂಡಳು. ಅನೀಲಕುಮಾರ ಮೈಕು ಹಿಡಿದು, ‘ನಮ್ಮ ಹೊಲದ ಅವ್ವಗ ಸನ್ಮಾನ’ ಎಂದು ಕೂಗಿ ಆಕೆಗೆ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು. ತನ್ನ ಹೊಲ ಹಾಳು ಮಾಡಲು ಬಂದವರಿಂದಲೇ ಶಾಲು ಹೊದಿಸಿಕೊಂಡು ಸಾತವ್ವ ನಿಂತಿದ್ದಳು. ಬಾಯಿ ತೆರೆದಳು. ‘ಬ್ಯಾಡ್ರಪಾ...’ ಅಂದಳು. ಸನ್ಮಾನ ಬೇಡ ಅನ್ನುವ ದೊಡ್ಡ ಗುಣ ಎಂದು ತಿಳಿದು ಇನ್ನೊಮ್ಮೆ ಚಪ್ಪಾಳೆ ಹೊಡೆದರು.

‘ಅತ್ತಿ, ಅನ್ರಿ!’ ರಾಜಶ್ರೀ ಹಲ್ಲು ಕಚ್ಚಿ ಅಂದಳು. ‘ಒಂದ ಶಬ್ದ. ಅನ್ರಿ!’

ಬರಲಿಲ್ಲ. ಒಂಬತ್ತು ವರ್ಷದ ಹುಡುಗಿ ಗಂಟಲಲ್ಲಿ ಅಡ್ಡ ನಿಂತಿದ್ದಳು.

ಜೀಪುಗಳು ಶುರುವಾದವು. ಯಾರೋ ಸಾತವ್ವನನ್ನು ಮೃದುವಾಗಿ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಒಂದು ಹತ್ತಿತು, ಇಳಿಯಿತು. ಎರಡು. ಮೂರು. ಒಡ್ಡಿನ ನೆತ್ತಿ ಎರಡು ಸಾಲಾಗಿ ಸೀಳಿತು. ಹನ್ನೊಂದನೆಯದು ಅನೀಲಕುಮಾರನದು. ಅವನು ನೆತ್ತಿಯ ಕೆಸರು ತಪ್ಪಿಸಲು ತುದಿಗೆ ತಿರುಗಿಸಿ ಕೋಡಿಯ ಮೇಲೆ ಏರಿಸಿದ. ಗಾಲಿ ಗರಗರ ತಿರುಗಿ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹಿಂದಕ್ಕೆ ಎಸೆಯಿತು. ಅಡಿಗಲ್ಲು ಕೂಡ ಎದ್ದಿತು. ಮೂರನೆಯ ವರ್ಷ, ಕಾಂತು ಬೆನ್ನ ಮೇಲೆ ಜ್ವರದಲ್ಲಿ ಅಳುತ್ತಿರುವಾಗ ಉರುಳಿಸಿ ತಂದು ಕೂರಿಸಿದ ಕಲ್ಲು ಅದು.

‘ಹೋಗು!’

ಸಾತವ್ವನ ಧ್ವನಿ ಮೈಕಿಲ್ಲದೆಯೂ ಹಳ್ಳದ ಆಚೆಗೆ ಮುಟ್ಟಿತು. ‘ಹೋಗು! ಎಲ್ಲಾರೂ ಹೋಗ್ರಿ! ಎಲ್ಲಿಗರ ಹೋಗ್ರಿ!’

ಪುಣೆಯವರಿಗೆ ಏನೂ ಅನ್ನಿಸಲಿಲ್ಲ, ಅವರು ಇನ್ನೂ ನಗುತ್ತಿದ್ದರು. ಆದರೆ ನಮ್ಮ ಕಡೆಯವರು ನಾಲ್ಕಾರು ಮಂದಿ ಇದ್ದರಲ್ಲ, ಅವರು ಕಪಾಳಕ್ಕೆ ಏಟು ಬಿದ್ದವರಂತೆ ನಿಂತರು. ಜೀಪು ದುರಸ್ತಿಗೆಂದು ಬಂದಿದ್ದ ತಾಳಿಕೋಟೆಯ ಮೆಕ್ಯಾನಿಕ್ ಚಾಂದಸಾಬ ತನ್ನ ಗಾಡಿಯ ಇಂಜಿನು ಬಂದ್ ಮಾಡಿ ಇಳಿದು, ‘ತಪ್ಪಾತ ಯವ್ವಾ’ ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಉಳಿದವರಿಗೆ ಹಿಂದಿಯಲ್ಲಿ ಅವನೇ ಹೇಳಿದ. ಅರ್ಧ ಗಂಟೆಯಲ್ಲಿ ಕಮಾನು, ಬಾವುಟ ಎಲ್ಲ ಬಿಚ್ಚಿದರು. ಅನೀಲಕುಮಾರ ಸಾತವ್ವನ ಕಡೆ ನೋಡದೆ ಜೀಪು ಹತ್ತಿದ. ‘ಬರ್ತೇನಿ’ ಅನ್ನಲಿಲ್ಲ.

ಅವರ ಬೆನ್ನಿಗೇ, ಸಂಜೆ ನಾಲ್ಕಕ್ಕೆ, ಮಳೆ ಹಿಡಿಯಿತು. ಅತ್ತೆ ಸೊಸೆ ಚೀಲಕ್ಕೆ ಮಣ್ಣು ತುಂಬಿ ಕೋಡಿಯ ಬಾಯಿಗೆ ಒಟ್ಟುತ್ತಿದ್ದರು. ರಾಜಶ್ರೀ ತುಂಬುವುದು, ಸಾತವ್ವ ನೀರಿನ ಮನಸ್ಸು ನೋಡಿ ಇಡುವುದು. ಇನ್ನೊಂದು ತಾಸು ಹೀಗೆ ನಿಂತರೆ ಒಡ್ಡು ಉಳಿಯುತ್ತಿತ್ತು. ಆದರೆ ಸಾತವ್ವನ ಕಣ್ಣು ನೀರಿನ ಮೇಲಿರಲಿಲ್ಲ. ಮತ್ತೆ ಮತ್ತೆ ಡೋಣಿಯ ದಿಕ್ಕಿಗೆ ನೋಡುತ್ತಿದ್ದಳು.

‘ಡೋಣಿಗೆ ನೀರ ಬಂದಿರತೈತಿ’ ಅಂದಳು. ‘ಸೇತುವಿ ಮ್ಯಾಲ ಬಂದಿರತೈತಿ. ಅನೀಲ ದಾಟಿದನೋ ಇಲ್ಲೋ.’

‘ದಾಟ್ತಾನ ಬಿಡ್ರಿ. ಚೀಲಾ ಹಿಡೀರಿ.’

‘ನಾ ಹೋಗು ಅಂದೇನಿ, ರಾಜಿ.’

‘ಅನ್ನೂದ ಸರಿ ಇತ್ತು, ಅಂದ್ರಿ!’

‘ನಮ್ಮವ್ವಗೂ ಸರಿ ಇತ್ತು.’

ಹೊಲದಲ್ಲಿ ಫೋನಿಗೆ ಸಿಗ್ನಲ್ ಹಿಡಿಯುವುದಿಲ್ಲ. ರಸ್ತೆಯ ಬೇವಿನ ಗಿಡದ ತನಕ ಏರಿ ಹೋಗಬೇಕು. ‘ನೀನ ಓಡಿ ಕೇಳಿ ಬಾ’ ಅಂದರೆ ರಾಜಶ್ರೀ ಚೀಲ ಬಿಡಲಿಲ್ಲ. ‘ನಮ್ಮ ಒಡ್ಡ ಕಿತ್ತಿದವನ ಸಲುವಾಗಿ ನಾ ಒಂದ ಹೆಜ್ಜಿ ಇಡೂದಿಲ್ರಿ’ ಅಂದಳು. ಅವಳದೂ ತಪ್ಪಲ್ಲ. ಸಾತವ್ವ ಒಡ್ಡು ನೋಡಿದಳು, ಮೋಡ ನೋಡಿದಳು, ಅಂಗಡಿಯ ಚೀಟಿಯನ್ನೂ ಫೋನನ್ನೂ ಇಸಿದುಕೊಂಡು ಕೊಪ್ಪೆಯೊಳಗೆ ಅವುಚಿ ಏರು ಹತ್ತಿದಳು. ಇದಕ್ಕೆ ನೀವು ಹುಚ್ಚು ಅನ್ನಬಹುದು, ನಾನು ಅನ್ನಲಾರೆ.

ಬೇವಿನ ಗಿಡದ ಕೆಳಗೆ ಬಸ್ಸಿಗೆ ನಿಂತಿದ್ದ ಯಾರೋ ನಂಬರು ಒತ್ತಿ ಕೊಟ್ಟರು. ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದ್ದು ರುಕ್ಮವ್ವ.

‘ಅನೀಲ ಮುಟ್ಯಾನೇನ್ರಿ?’

‘ಈಗ ಬಂದಾನ. ಉಣ್ಣಾಕತ್ತಾನ. ಯಾರು, ಸಾತವ್ವನಾ? ಯಾಕ ತಂಗಿ, ಧ್ವನಿ ಹಿಂಗ್ಯಾಕ ಐತಿ?’

‘ನಾ ಇವತ್ತ ಅವಗ ಹೋಗು ಅಂದೆ ಅಕ್ಕಾ.’

ಆ ಕಡೆಯದೂ ನಮ್ಮ ಕಡೆಯ ಜೀವವೇ, ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ರುಕ್ಮವ್ವ ಮಗನ ಕಡೆ ತಿರುಗಿ ಕೇಳಿದ್ದು ಫೋನಿನಲ್ಲಿ ಕೇಳಿಸಿತು: ‘ಏನ ಮಾಡಿ ಬಂದೀಯೋ, ಅಂಥಾ ಮಾತ ಅಕಿ ಬಾಯಾಗ ಬರೂವಂಗ?’

‘ಏ, ಏನಿಲ್ಲ ಬಿಡಬೇ,’ ಅನೀಲಕುಮಾರನ ಧ್ವನಿ, ತುಂಬಿದ ಬಾಯಿಯ ಧ್ವನಿ. ‘ಇನ್ನೊಂದ ರೊಟ್ಟಿ ನೀಡು.’

ಸಾತವ್ವ ‘ಆತ್ರಿ ಅಕ್ಕಾ’ ಎಂದು ಫೋನು ಇಳಿಸಿದಳು. ಐವತ್ತಮೂರು ವರ್ಷದ ಹಿಂದಿನ ಒಂದು ಮುಂಜಾನೆಯ ಭಾರ ಎದೆಯಿಂದ ಅಷ್ಟು ಇಳಿದಂತಾಯಿತು. ಉಣ್ಣುತ್ತ ಕೂತಿದ್ದಾನೆ, ಇರಲಿ, ಉಣ್ಣಲಿ. ಮಳೆಯಲ್ಲಿ ಇಳಿಯುತ್ತ ಹೊಲದ ಅಂಚಿಗೆ ಬಂದಾಗ ಸದ್ದು ಕೇಳಿಸಿತು. ಆ ಸದ್ದು ಆಕೆಗೆ ಮೊದಲ ವರ್ಷದಿಂದ ಗೊತ್ತು.

ರಾಜಶ್ರೀ ಒಬ್ಬಳೇ ಬಿಡದೆ ಚೀಲ ಒಟ್ಟಿದ್ದಳು, ಆದರೆ ಎಲ್ಲ ಮೇಲೆ ಒಟ್ಟಿದ್ದಳು. ನೀರು ಕೆಳಗೆ, ಅಡಿಗಲ್ಲು ಎದ್ದ ಗುಂಡಿಯಲ್ಲಿ ದಾರಿ ಹುಡುಕಿಕೊಂಡಿತ್ತು. ಕೋಡಿಯ ಪಕ್ಕದಲ್ಲಿ ಎರಡು ಗಾಡಿ ಹಾಯುವಷ್ಟು ಬಾಯಿ ಬಿದ್ದು, ಹದಿನಾಲ್ಕು ಬೇಸಗೆಯ ಮಣ್ಣು ಕರ್ರಗೆ ಉರುಳುತ್ತ ಹಳ್ಳಕ್ಕೆ ಇಳಿಯುತ್ತಿತ್ತು. ರಾಜಶ್ರೀ ಕೆಸರಿನಲ್ಲಿ ಕೂತು ಅಳುತ್ತಿದ್ದಳು.

‘ನಾ ಮ್ಯಾಲ ಹಾಕ್ಕೋತ ಇದ್ದೇರಿ ಅತ್ತಿ. ಅದು ಕೆಳಗಿಂದ ಬಂತು.’

‘ನಿನಗ ಹ್ಯಾಂಗ ತಿಳೀಬೇಕು, ಏಳು’ ಅಂದಳು ಸಾತವ್ವ.

‘ಅಂವ ಮುಟ್ಯಾನೇನ್ರಿ?’

‘ಮುಟ್ಯಾನ. ಉಣ್ಣಾಕತ್ತಾನ.’

ರಾಜಶ್ರೀ ಅತ್ತೆಯ ಮುಖ ನೋಡಿದಳು. ಇಬ್ಬರೂ ಕೈ ಹಿಡಿದುಕೊಂಡು ಒಡ್ಡಿನ ಒಡೆದ ಬಾಯಿಯ ದಂಡೆಯಲ್ಲಿ ನಿಂತರು. ಮಾಡುವಂಥದ್ದು ಏನೂ ಇರಲಿಲ್ಲ. ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ನೀರಿಗೆ ಬೀಳುತ್ತಿತ್ತು. ಒಂದು ದೊಡ್ಡ ಹೆಂಟೆ, ಕರಿಕೆಯ ಬೇರಿನ ಸಮೇತ, ಸಾತವ್ವನ ಕಾಲ ಬುಡದಿಂದಲೇ ಸರಿದು ಹೊರಟಿತು. ಸಾತವ್ವ ಬಗ್ಗಿ ಅದನ್ನು ಒಮ್ಮೆ ಮುಟ್ಟಿದಳು.

‘ಬಾ ಯವ್ವಾ’ ಅಂದಳು.